ಮಾಫಿ ಸಿಕ್ಕ ದಿನಗಳು

ಬಿದ್ದವನನ್ನು ಎತ್ತುವ, ಎದ್ದವನನ್ನು ನಡೆಸುವ, ನಡೆಯುವವನ ಜೊತೆಗೇ ಬರುವ ಕರುಣಾಳು ಪರಶಿವನಿಗೆ ಶರಣು. ಹೇಳುವ ನಾಲಿಗೆ ಅವನದು, ಕೇಳುವ ಕಿವಿಯೂ ಅವನದು. ನಡುವೆ ತಪ್ಪೇನಾದರೂ ನುಸುಳಿದರೆ ಅದಷ್ಟೇ ನಮ್ಮದು.

“ಅಜ್ಜಾರ, ಒಬ್ಬ ಮನುಷ್ಯ ತಪ್ಪು ಮಾಡಿದ್ದಾನೆ. ಆಮೇಲೆ ಒಳ್ಳೆಯವನಾಗಿ ಬಾಳುತ್ತಿದ್ದಾನೆ. ಪೂಜೆ ಬಿಟ್ಟಿಲ್ಲ, ಸೇವೆ ಬಿಟ್ಟಿಲ್ಲ, ಯಾರಿಗೂ ಒಂದು ಬಿರುಸು ಮಾತು ಆಡಿಲ್ಲ. ಹೀಗೆ ಬಾಳಿದಷ್ಟೂ ಅವನ ಹಳೆಯ ತಪ್ಪು ಕರಗುತ್ತಾ ಹೋಗುತ್ತದೆಯೋ, ಇಲ್ಲವೋ?”

ಹೀಗೆ ಕೇಳಿದವನು ಮುರಿಗೆಪ್ಪ, ಮಠದ ಶಿಷ್ಯ. ದಾಸೋಹದ ಅಡುಗೆಮನೆ ಅವನ ಪಾಲಿನ ಸೇವೆ. ಎಲ್ಲರಿಗಿಂತ ಮೊದಲು ಏಳುತ್ತಿದ್ದ, ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದ. ಅವನನ್ನು ಹೊಗಳದವರು ಮಠದಲ್ಲಿ ಇರಲಿಲ್ಲ.

ಗುರುಗಳು ಪೂಜೆ ಮುಗಿಸಿ ಆಗತಾನೆ ಜಗಲಿಗೆ ಬಂದು ಕುಳಿತಿದ್ದರು.

“ಆ ಮನುಷ್ಯ ಯಾರು?” ಎಂದು ಕೇಳಿದರು.

“ಯಾರಾದರೂ ಆಗಬಹುದು, ಅಜ್ಜಾರ. ಸುಮ್ಮನೆ ಲೋಕದ ಮಾತಾಗಿ ಕೇಳಿದೆ.”

“ಲೋಕದ ಮಾತಿಗೆ ಲೋಕದ ಕತೆಯನ್ನೇ ಹೇಳುತ್ತೇನೆ. ಕೂತು ಕೇಳು, ತಮ್ಮಾ,” ಎಂದು ಗುರುಗಳು ಹೇಳತೊಡಗಿದರು.

ಒಂದು ಊರು. ಆ ಊರಿನಲ್ಲಿ ನೇಕಾರರ ಓಣಿ. ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡ ಎರಡು ಮನೆಗಳು. ಎರಡರಲ್ಲೂ ನೇಕಾರರೇ ಇದ್ದರು. ಗೊಂದಲ ಬೇಡ, ಒಬ್ಬನನ್ನು ನೇಕಾರ ಎನ್ನೋಣ, ಇನ್ನೊಬ್ಬನನ್ನು ನೆರೆಯವ ಎನ್ನೋಣ. ಈ ಮನೆಯ ಮಗ್ಗದ ಸಪ್ಪಳ ಆ ಮನೆಗೆ ಕೇಳುತ್ತಿತ್ತು, ಆ ಮನೆಯದು ಈ ಮನೆಗೆ. ಒಂದು ನಿಂತರೆ ಇನ್ನೊಂದು ಮನೆಯವರು, ಯಾಕೆ, ಮೈ ಹುಷಾರಿಲ್ಲವೇ ಎಂದು ಗೋಡೆಯಾಚೆಯಿಂದಲೇ ಕೇಳುತ್ತಿದ್ದರು.

ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದನೆಯ ಎಳೆಗಳನ್ನು, ಓಣಿಯುದ್ದಕ್ಕೂ ಎಳೆದು, ಗೂಟಕ್ಕೆ ಬಿಗಿದು, ಗಂಜಿ ಹಚ್ಚಬೇಕು. ಬಿಸಿಲು ಏರುವುದರೊಳಗೆ ಮುಗಿಯಬೇಕಾದ ಕೆಲಸ ಅದು. ಓಣಿ ಒಂದೇ, ಮನೆಗಳು ಹಲವು. ಆದ್ದರಿಂದ ದಿನಕ್ಕೊಂದು ಮನೆಯ ಪಾಳಿ. ಒಂದು ಬೆಳಗ್ಗೆ ನೇಕಾರ ತನ್ನ ಹಾಸು ಹೊತ್ತು ಹೊರಗೆ ಬಂದ. ನೋಡಿದರೆ ನೆರೆಯವ ಆಗಲೇ ತನ್ನದನ್ನು ಎಳೆದು ಕಟ್ಟಿದ್ದ. ಪಾಳಿ ನನ್ನದು ಎಂದು ಇವನು, ನನ್ನದು ಎಂದು ಅವನು. ಮಾತಿಗೆ ಮಾತು ಹತ್ತಿತು. ತಂದೆಯ ಹೆಸರು ಬಂತು, ತಾಯಿಯ ಹೆಸರು ಬಂತು. ನೇಕಾರ ಗೂಟ ಕಿತ್ತು ಬೀಸಿದ. ನೆರೆಯವನ ಬಲಗೈಯ ಮಣಿಕಟ್ಟು ಮುರಿಯಿತು.

ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಆ ಬೆರಳುಗಳು ಮತ್ತೆ ಏನನ್ನೂ ಬಿಗಿಯಾಗಿ ಹಿಡಿಯಲಿಲ್ಲ. ಮಗ್ಗದಲ್ಲಿ ಎಡಗೈ ಹಲಗೆ ಬಡಿಯಬೇಕು, ಬಲಗೈ ಹಗ್ಗ ಜಗ್ಗಿ ಲಾಳಿ ಓಡಿಸಬೇಕು. ನೇಯುವವನಿಗೆ ಒಂದು ಕೈ ಹೋದರೆ ಎರಡೂ ಹೋದಂತೆ. ನೆರೆಯವನ ಮಗ್ಗ ನಿಂತಿತು. ನೇಕಾರನಿಗೆ ಐದು ವರ್ಷ ಸಜೆಯಾಯಿತು.

ಸೆರೆಮನೆಯಲ್ಲಿ ಮೊದಲ ದಿನ ಅಲ್ಲಿನ ಅಧಿಕಾರಿ ಹೊಸಬರನ್ನೆಲ್ಲ ಸಾಲಾಗಿ ಕೂರಿಸಿ ಒಂದು ಮಾತು ಹೇಳಿದ. “ಇಲ್ಲಿ ಜಗಳ ಕಾಯದೆ, ಕೊಟ್ಟ ಕೆಲಸ ಮಾಡಿಕೊಂಡು ಇರುವವನಿಗೆ ಸನ್ನಡತೆ ಎಂದು ಬರೆಯುತ್ತೇವೆ. ಸನ್ನಡತೆಯವನಿಗೆ ತಿಂಗಳಿಗಿಷ್ಟು ದಿನ ಎಂದು ಮಾಫಿ ಸಿಗುತ್ತದೆ. ಅಷ್ಟು ದಿನ ಮೊದಲೇ ಮನೆಗೆ ಹೋಗಬಹುದು. ಕೈ ಎತ್ತಿದವನಿಗೆ ಗಳಿಸಿದ ಮಾಫಿಯೂ ಹೋಗುತ್ತದೆ. ತಿಳಿಯಿತಲ್ಲ?”

ಎಲ್ಲರೂ ತಿಳಿಯಿತು ಎಂದರು. ನೇಕಾರನಿಗೆ ಮಾತ್ರ ಬೇರೆಯೇ ತಿಳಿಯಿತು.

ಅವನ ಊರಿನಲ್ಲಿ ಮಾಫಿ ಎಂದರೆ ಕ್ಷಮೆ. ಹಾದಿಯಲ್ಲಿ ಕಾಲು ತಾಗಿದರೆ ಮಾಫ್ ಮಾಡು ಎನ್ನುತ್ತಾರೆ. ಗಂಡ ಹೆಂಡತಿ ಮುನಿಸಿಕೊಂಡರೂ ಕೊನೆಗೆ ಅದೇ ಮಾತು. ದಿನ ಕಡಿಮೆ ಮಾಡುವುದಕ್ಕೂ ಸರ್ಕಾರ ಅದೇ ಹೆಸರು ಇಟ್ಟಿದೆಯೆಂದು ಅವನಿಗೆ ಹೇಗೆ ಗೊತ್ತಾಗಬೇಕು? ತಿಂಗಳಿಗಿಷ್ಟು ಎಂದು ತನ್ನ ತಪ್ಪನ್ನೇ ಕ್ಷಮಿಸುತ್ತಾ ಬರುತ್ತಾರೆ ಎಂದು ಅವನು ತಿಳಿದ. ಮಾಫಿ ಕೂಡಿದಷ್ಟು ತಪ್ಪು ಕಳೆಯಿತು. ಮನೆಗೆ ಹೋಗುವ ದಿನ ತಾನು ಗೂಟ ಎತ್ತುವುದಕ್ಕೆ ಮುಂಚೆ ಹೇಗಿದ್ದೆನೋ ಹಾಗೇ ಆಗಿರುತ್ತೇನೆ ಎಂದು ನಂಬಿದ. ಅವನು ಕಪಟಿಯಲ್ಲ. ಆ ಮಾತೇ ಹಾಗಿತ್ತು.

ಅವನನ್ನು ಜಮಖಾನೆ ನೇಯುವ ಮಗ್ಗಕ್ಕೆ ಹಾಕಿದರು. ಹೇಳಿದ್ದಕ್ಕಿಂತ ಒಂದು ಗೇಣು ಹೆಚ್ಚೇ ನೇಯುತ್ತಿದ್ದ. ಅನ್ನದಲ್ಲಿ ಕಲ್ಲು ಸಿಕ್ಕರೆ ಕಲ್ಲನ್ನು ಪಕ್ಕಕ್ಕಿಟ್ಟು ಉಣ್ಣುತ್ತಿದ್ದ. ಪಕ್ಕದ ಮಗ್ಗದಲ್ಲಿ ಒಬ್ಬ ಹಳೆಯ ಕೈದಿ ಇದ್ದ, ಬಾಯಿಬಡಕ. ಅವನಿಗೆ ಇದು ದೊಡ್ಡ ತಮಾಷೆ.

“ಸ್ವಾಮೇರು ಬಂದ್ರು, ಜಾಗಾ ಬಿಡ್ರಪಾ,” ಎನ್ನುತ್ತಿದ್ದ. “ಸೊಳ್ಳಿ ಕಡದ್ರೂ ಸೊಳ್ಳಿಗೆ ನಮಸ್ಕಾರ ಮಾಡ್ತಾರ ಇವರು. ಇವರ ಪಾದದ ನೀರು ಕುಡದ್ರ ನಮಗೂ ಎರಡು ದಿನ ಮಾಫಿ ಸಿಕ್ಕೀತು.”

ನೇಕಾರ ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಡದಿರುವುದೇ ಆ ಕೈದಿಗೆ ಸಿಟ್ಟು ತರಿಸಿತು. ಒಂದು ದಿನ ಅವನು ಎದ್ದು ಬಂದು, ನೂಲು ಕತ್ತರಿಸುವ ಕತ್ತರಿಯಿಂದ ನೇಕಾರನ ಹಾಸಿನಲ್ಲಿ ಒಂದು ಹಿಡಿ ಎಳೆಗಳನ್ನು ಕತ್ತರಿಸಿಬಿಟ್ಟ. ಕತ್ತರಿಸಿ, ಈಗ ಏನು ಮಾಡುತ್ತೀ ಎಂಬಂತೆ ನಿಂತ.

ನೇಕಾರ ಎದ್ದ. ಅವನ ಕೈ ಮಗ್ಗದ ಕೋಲಿಗೆ ಹೋಯಿತು. ಸುತ್ತಲಿದ್ದವರು ಹಿಂದೆ ಸರಿದರು. ಕೋಲು ಅರ್ಧ ಮೇಲೆ ಬಂದಿತ್ತು. ಆಗ ಅವನಿಗೆ ಮಾಫಿಯ ನೆನಪಾಯಿತು. ಇಷ್ಟು ದಿನ ಕೂಡಿಸಿದ್ದೆಲ್ಲ ಈ ಒಂದು ಏಟಿಗೆ ಹೋಗುತ್ತದೆ ಎನ್ನಿಸಿತು. ಕೋಲು ಕೆಳಗಿಟ್ಟ. ಕುಳಿತು, ಹರಿದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕತೊಡಗಿದ.

ಹಳೆಯ ಕೈದಿ ಸ್ವಲ್ಪ ಹೊತ್ತು ನಿಂತು ನೋಡಿದ. “ಎಂಥಾ ಮನಶ್ಯಾನೋ ನೀ,” ಎಂದು ಗೊಣಗಿದ. ಆಮೇಲೆ ತಾನೇ ಎದುರಿಗೆ ಕುಳಿತು ಎಳೆಯ ತುದಿ ಹಿಡಿದುಕೊಟ್ಟ. ಸಂಜೆಯವರೆಗೆ ಇಬ್ಬರೂ ಗಂಟು ಹಾಕಿದರು.

ಕೇಳು ತಮ್ಮಾ, ಆ ದಿನ ಅವನ ಕೈಯನ್ನು ತಡೆದದ್ದು ಧರ್ಮವಲ್ಲ. ಬೇಗ ಮನೆಗೆ ಹೋಗುವ ಆಸೆ. ಆದರೂ ಕೈ ನಿಂತಿತು, ಒಂದು ತಲೆ ಉಳಿಯಿತು. ದೇವರು ಬಲು ಉಪಾಯಗಾರ. ಆಸೆ ತೋರಿಸಿಯಾದರೂ ಮೊದಲು ಕೈಯನ್ನು ನಿಲ್ಲಿಸುತ್ತಾನೆ, ಮನಸ್ಸಿನ ಕಡೆಗೆ ಆಮೇಲೆ ನಿಧಾನವಾಗಿ ಬರುತ್ತಾನೆ. ನೇಕಾರನಲ್ಲೂ ಹಾಗೇ ಆಯಿತು. ಬರಬರುತ್ತ, ನೋಡುವವರು ಯಾರೂ ಇಲ್ಲದಾಗಲೂ ಅವನ ಕೈ ಏಳುವುದನ್ನು ಬಿಟ್ಟಿತು. ಅದು ಅವನಿಗೇ ಗೊತ್ತಾಗಲಿಲ್ಲ.

ಸಜೆಯಲ್ಲಿ ವರ್ಷದ ಮೇಲೆ ಎರಡು ತಿಂಗಳು ಕಡಿಮೆಯಾಯಿತು. ಬಿಡುಗಡೆಯ ದಿನ ಅಧಿಕಾರಿ ಅವನ ಕೈಗೆ ಸನ್ನಡತೆಯ ಕಾಗದ ಕೊಟ್ಟು, “ಹೋಗು. ಮತ್ತೆ ಬರಬೇಡ. ಇನ್ನು ಜಮಖಾನೆ ನೇಯುವವರು ಯಾರು ಎನ್ನುವುದೇ ನನಗೆ ಚಿಂತೆ,” ಎಂದು ನಕ್ಕ.

ನೇಕಾರ ಊರಿಗೆ ಬಂದ. ಓಣಿಯಲ್ಲಿ ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವನು ತನ್ನ ಮನೆಯ ಮೆಟ್ಟಿಲು ಹತ್ತಲಿಲ್ಲ. ಪಕ್ಕದ ಮನೆಯ ಮುಂದೆ ಹೋಗಿ ನಿಂತ. ನೆರೆಯವ ಕಟ್ಟೆಯ ಮೇಲೆ ಕುಳಿತು ಎಡಗೈಯಿಂದ ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದ. ಬೇರೆಯವರ ಲಾಳಿಗೆ ಹೋಗುವ ಕಂಡಿಕೆ ಅದು. ಮಗ್ಗದ ಮುಂದೆ ಕೂರಲಾರದ ಮುದುಕರು ಮಾಡುವ ಕೆಲಸ. ನೆರೆಯವನಿಗೆ ಇನ್ನೂ ತಲೆ ನೆರೆತಿರಲಿಲ್ಲ.

“ಮಾಫಿ ಆತಪಾ,” ಎಂದ ನೇಕಾರ. ಕಣ್ಣು ತುಂಬಿತ್ತು. “ವರ್ಷದ ಮ್ಯಾಲೆ ಎರಡು ತಿಂಗಳು ಮಾಫಿ ಆತು. ಸನ್ನಡತಿ ಅಂತ ಬರದು ಕೊಟ್ಟಾರ. ನೀನ ನೋಡು.”

ನೆರೆಯವ ರಾಟೆ ನಿಲ್ಲಿಸಿದ. ಕಾಗದ ತೆಗೆದುಕೊಂಡ. ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇದರಾಗ ನನ್ನ ಸಹಿ ಎಲ್ಲೈತಿ?”

ನೇಕಾರನಿಗೆ ಅರ್ಥವಾಗಲಿಲ್ಲ. “ಸಾಹೇಬ್ರು ಮಾಡ್ಯಾರಲ್ಲ, ಕೆಳಗ.”

“ನೀ ಮುರದಿದ್ದು ಸಾಹೇಬ್ರ ಕೈಯೇನು?”

ಓಣಿಯವರು ಬಾಗಿಲಿಗೆ ಬಂದು ನಿಂತಿದ್ದರು. ನೆರೆಯವ ಕಾಗದವನ್ನು ಮಡಚಿ ತಿರುಗಿ ಕೊಟ್ಟ.

“ಅವರು ಸಜಾದ ದಿನಾ ಬಿಟ್ಟಾರ. ಬಿಡ್ಲಿ, ಅದು ಅವರ ಕಡೀದು. ನಾ ಏನೂ ಬಿಟ್ಟಿಲ್ಲ. ಬಿಡ್ತೀಯೇನು ಅಂತ ನನ್ನ ಯಾರೂ ಕೇಳೂ ಇಲ್ಲ.”

ನೇಕಾರ ಅಲ್ಲೇ ಮೆಟ್ಟಿಲ ಮೇಲೆ ಕುಳಿತ. ಇಷ್ಟು ವರ್ಷ ಹಿಡಿದುಕೊಂಡು ಬಂದ ಮಾಫಿ ಎಂಬ ಮಾತಿನ ಅರ್ಥ ಕೈಯಲ್ಲೇ ಬೇರೆಯಾಗಿಹೋಗಿತ್ತು. ಈ ಬಾಗಿಲಲ್ಲಿ ಮಾಫಿ ಸಿಗದಿದ್ದರೆ ಈ ಓಣಿಯಲ್ಲಿ ತಾನು ಬಾಳುವುದು ಹೇಗೆ? ಪಾಳಿ ಬಂದ ದಿನ ಹಾಸು ಎಳೆಯಲು ಇನ್ನೊಂದು ತುದಿ ಹಿಡಿಯುವವರು ಯಾರು?

“ಹಂಗಾರ ನಾ ಏನ್ ಮಾಡ್ಲಿ?” ಎಂದ. “ಉಳದದ್ದನ್ನೂ ಮುಗಿಸಿ ಬರ್ತೀನಿ. ತಿರುಗಿ ಅಲ್ಲಿಗೇ ಹೋಗ್ಲ್ಯಾ?”

“ನೀ ಅಲ್ಲಿ ಹೋಗಿ ಕೂತ್ರ ನನಗೇನ್ ಬಂತು? ಇಷ್ಟು ವರ್ಷ ನೀ ಅಲ್ಲಿ ಜಮಖಾನಿ ನೇಯ್ದಿ. ನನ್ನ ಮಗ್ಗದಾಗ ಜೇಡ ನೇಯ್ತು.” ನೆರೆಯವ ರಾಟೆಗೆ ಕೈ ಹಾಕಿ ಮತ್ತೆ ತೆಗೆದ. ಆಮೇಲೆ ಕೇಳಿದ, “ಎಷ್ಟು ದಿನಾ ಬಿಟ್ಟಾರಂದಿ?”

“ವರ್ಷದ ಮ್ಯಾಲೆ ಎರಡು ತಿಂಗಳು.”

“ಆ ದಿನಾ ನನ್ನವು. ನನ್ನ ಮಗ್ಗದಾಗ ಕೂತು ಕಳಿ. ನನ್ನ ಬಲಗೈ ಎಲ್ಲಿತ್ತೋ ಅಲ್ಲಿ ಕೂಡು.”

ಒಳಗಿನಿಂದ ನೆರೆಯವನ ಹೆಂಡತಿ ಕೇಳಿದಳು, “ಆ ಮನಶ್ಯಾನ್ನ ಮನಿಯೊಳಗ ಕರೀತೀರೇನ್ರಿ?”

“ಮನಿಯೊಳಗಲ್ಲ,” ಎಂದ ನೆರೆಯವ. “ಮಗ್ಗದ ಕುಣಿಯೊಳಗ.”

ನೇಕಾರ ತನ್ನ ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಅಳುತ್ತಾಳೆ ಎಂದುಕೊಂಡಿದ್ದ. ಅವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, “ಹೋಗ್ರಿ,” ಎಂದಳು. “ಆ ಗೋಡಿ ಆಚೆ ಸಪ್ಪಳ ನಿಂತಾಗಿಂದ ನನಗೂ ಸರಿಯಾಗಿ ನಿದ್ದಿ ಬಂದಿಲ್ಲ.”

ಮರುದಿನ ಇಬ್ಬರೂ ಒಂದೇ ಮಗ್ಗಕ್ಕೆ ಕುಳಿತರು. ನೇಯುವವನು ಕಾಲು ಇಳಿಬಿಟ್ಟು ಕೂರಲೆಂದು ನೆಲದಲ್ಲಿ ಒಬ್ಬನಿಗಾಗಿ ತೋಡಿದ ಕುಣಿ ಅದು. ಕಾಲಲ್ಲಿ ತುಳಿಯುವುದೂ ಎಡಗೈಯಲ್ಲಿ ಹಲಗೆ ಬಡಿಯುವುದೂ ನೆರೆಯವನ ಕೆಲಸ. ಹಗ್ಗ ಜಗ್ಗಿ ಲಾಳಿ ಓಡಿಸುವುದು ನೇಕಾರನ ಕೆಲಸ. ಇಬ್ಬರೂ ಹುಟ್ಟಿನಿಂದ ನೇಕಾರರು. ಆದರೂ ಲಾಳಿ ಹೋಗುವ ಹೊತ್ತಿಗೆ ಹಲಗೆ ಬರುತ್ತಿತ್ತು, ಹಲಗೆ ಬರುವ ಹೊತ್ತಿಗೆ ಲಾಳಿ ನೆಲಕ್ಕೆ ಬೀಳುತ್ತಿತ್ತು. ಎಳೆ ಹರಿಯುತ್ತಿತ್ತು.

“ಜಮಖಾನಿ ಬಡದ ಕೈಗೆ ಸೀರಿ ಅಂದ್ರ ಅಂಜಿಕಿ ಅಕ್ಕೈತೇನು?” ಎನ್ನುತ್ತಿದ್ದ ನೆರೆಯವ.

“ನಿನ್ನ ಕಾಲು ಯಾವಾಗ ತುಳೀತೈತಿ ಅಂತ ನಿನ್ನ ಕಾಲಿಗೇ ಗೊತ್ತಿಲ್ಲ,” ಎನ್ನುತ್ತಿದ್ದ ನೇಕಾರ.

ಬೈದುಕೊಳ್ಳುತ್ತಲೇ ನೇಯ್ದರು. ನೇಯುತ್ತಾ ನೇಯುತ್ತಾ ಬೈಗುಳಕ್ಕೂ ಒಂದು ತಾಳ ಬಂತು. ಒಬ್ಬ ಉಸಿರು ಬಿಟ್ಟರೆ ಇನ್ನೊಬ್ಬನ ಕೈ ಜಗ್ಗುವಷ್ಟು ಹೊಂದಿಕೆಯಾಯಿತು. ಬೆಳಗ್ಗೆ ನೆರೆಯವನ ಮಗ್ಗ, ಮಧ್ಯಾಹ್ನ ತನ್ನ ಮಗ್ಗ, ಇದು ನೇಕಾರನ ದಿನಚರಿ. ಮೊದಮೊದಲು ನೆರೆಯವನ ಹೆಂಡತಿ ಗಂಡನಿಗೆ ಮಾತ್ರ ಚಹಾ ತರುತ್ತಿದ್ದಳು. ಗಂಡ ಅರ್ಧ ಕುಡಿದು ಲೋಟವನ್ನು ಇಬ್ಬರ ನಡುವೆ ಇಡುತ್ತಿದ್ದ. ಕುಡಿ ಎಂದು ಹೇಳುತ್ತಿರಲಿಲ್ಲ. ನೇಕಾರ ಮುಟ್ಟುತ್ತಿರಲಿಲ್ಲ. ಎಷ್ಟೋ ದಿನ ಆ ಚಹಾ ಹಾಗೇ ಆರಿಹೋಯಿತು.

ಒಮ್ಮೆ ನೇಕಾರ ನಗೆಯಾಡಿದ, “ಇಲ್ಲಿ ಸನ್ನಡತಿಗೆ ಏನಾರ ಮಾಫಿ ಐತೋ?”

“ಐತಲ್ಲ. ಇಲ್ಲಿ ಸನ್ನಡತಿ ತೋರಿಸಿದವಂಗ ಕೆಲಸ ಹೆಚ್ಚು,” ಎಂದ ನೆರೆಯವ.

ಇನ್ನೊಂದು ದಿನ, ನೇಯುವ ನಡುವೆಯೇ, ಕಣ್ಣು ಎತ್ತದೆ ನೆರೆಯವ ಹೇಳಿದ, “ಆವತ್ತು ಓಣಿಯೊಳಗ ಪಾಳಿ ನಿಂದ ಇತ್ತು.”

ನೇಕಾರನ ಕೈ ಹಗ್ಗದ ಮೇಲೆ ನಿಂತಿತು. ನ್ಯಾಯಾಲಯದಲ್ಲಿ ಯಾರಾದರೂ ಆಡಲಿ ಎಂದು ಅವನು ಕಾದಿದ್ದ ಮಾತು ಅದು. ಈಗ ಬಂತು. ಬಂದಾಗ, ಅದರಿಂದ ತನಗೆ ಆಗಬೇಕಾದದ್ದು ಏನೂ ಉಳಿದಿಲ್ಲ ಎಂದು ಅವನಿಗೆ ಕಂಡಿತು.

“ಇರ್ಲಿ,” ಎಂದ. “ನೀ ತುಳಿ. ಅಂಚು ಸಡಲ ಆಗಾಕತ್ತೈತಿ.”

ನೇಕಾರ ಲೋಟ ಎತ್ತಿಕೊಂಡು ಉಳಿದ ಚಹಾ ಕುಡಿದದ್ದು ಅವತ್ತೇ.

ಹೀಗೆ ವರ್ಷ ಕಳೆಯಿತು, ಮೇಲೆ ಎರಡು ತಿಂಗಳೂ ಕಳೆದವು. ಒಂದು ಸಂಜೆ ಸೀರೆಯ ಸೆರಗು ಮುಗಿಯಿತು. ನೆರೆಯವ ಅದನ್ನು ಮಗ್ಗದಿಂದ ಇಳಿಸುತ್ತಾ ಹೇಳಿದ, “ಇವತ್ತಿಗೆ ನಿನ್ನ ದಿನಾ ತೀರಿದವು. ನಾಳಿಂದ ನೀ ಬರೂದು ಬ್ಯಾಡ.”

ನೇಕಾರ ಮೆಟ್ಟಿಲಿಳಿದು ತನ್ನ ಮನೆಗೆ ಹೋದ. ಅವನು ಕಾಯುತ್ತಿದ್ದ ಮಾತು ಅದಾಗಿರಲಿಲ್ಲ. ದಿನ ತೀರಿತು ಎಂದನೇ ಹೊರತು ತಪ್ಪು ತೀರಿತು ಎನ್ನಲಿಲ್ಲ. ಕೇಳೋಣವೆಂದರೆ ಬಾಯಿ ಬರಲಿಲ್ಲ.

ಮರುದಿನ ಬೆಳಗ್ಗೆ ಎದ್ದ. ತನ್ನ ಮಗ್ಗಕ್ಕೆ ಕೂರಬೇಕಿತ್ತು. ಕಾಲು ಪಕ್ಕದ ಮನೆಗೇ ನಡೆಯಿತು. ಅಲ್ಲಿ ನೆರೆಯವ ಆಗಲೇ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ.

“ಯಾಕ ಬಂದಿ?” ಎಂದ ನೆರೆಯವ. “ನಿನ್ನ ದಿನಾ ತೀರ್ಯಾವಲ್ಲ.”

ನೇಕಾರ ಅವನನ್ನೂ ನೋಡಿದ, ಅವನ ಬಲಪಕ್ಕದಲ್ಲಿ ಖಾಲಿ ಬಿಟ್ಟ ಜಾಗವನ್ನೂ ನೋಡಿದ.

“ಮತ್ತ ನೀ ಯಾಕ ಎಡಕ್ಕ ಸರದು ಕೂತಿ?”

ನೆರೆಯವ ಹಲಗೆಗೆ ಎಡಗೈ ಹಾಕಿದ. ಅವನು ಕಾಲು ತುಳಿದ. ನೇಕಾರ ಪಕ್ಕದಲ್ಲಿ ಕುಳಿತು ಹಗ್ಗ ಜಗ್ಗಿದ. ಲಾಳಿ ಓಡಿತು. ಸಪ್ಪಳ ಕೇಳಿ ನೆರೆಯವನ ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದಳು. ಸ್ವಲ್ಪ ಹೊತ್ತಿಗೆ ಚಹಾ ತಂದಳು. ಲೋಟ ಎರಡಿದ್ದವು.

ಮಾಫಿ ಎಂಬ ಮಾತನ್ನು ಆ ದಿನ ಯಾರೂ ಆಡಲಿಲ್ಲ. ಆಮೇಲೂ ಆಡಲಿಲ್ಲ. ಆ ಓಣಿಯಲ್ಲಿ ಬಹಳ ಕಾಲ ಒಂದೇ ಮಗ್ಗಕ್ಕೆ ಇಬ್ಬರು ಕುಳಿತು ಸೀರೆ ನೇಯುತ್ತಿದ್ದರು. ಎರಡು ಮನೆಯಲ್ಲೂ ಉಣ್ಣಲು ಇತ್ತು, ಕಣ್ಣಿಗೆ ನಿದ್ದೆಯೂ ಇತ್ತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಮುರಿಗೆಪ್ಪನ ಮುಖದಲ್ಲಿ ಸಮಾಧಾನವಿತ್ತು, ಒಂದು ಸಣ್ಣ ಗೊಂದಲವೂ ಇತ್ತು.

“ಹಾಗಾದರೆ ಅಜ್ಜಾರ, ಸೆರೆಮನೆಯಲ್ಲಿ ಕೊಟ್ಟ ಮಾಫಿ ಸುಳ್ಳೇ? ಅಲ್ಲಿ ಅವನು ಅಷ್ಟು ವರ್ಷ ಒಳ್ಳೆಯವನಾಗಿ ಇದ್ದದ್ದು ಲೆಕ್ಕಕ್ಕಿಲ್ಲವೇ?”

“ಸುಳ್ಳು ಎಂದು ನಾನು ಹೇಳಲಿಲ್ಲವಲ್ಲ,” ಎಂದರು ಗುರುಗಳು. “ಅಲ್ಲಿ ಆ ಮಾಫಿ ಸಿಗದಿದ್ದರೆ ಈ ಮಗ್ಗಕ್ಕೆ ಅಷ್ಟು ದಿನ ಎಲ್ಲಿಂದ ಬರುತ್ತಿತ್ತು? ಕೈ ನಿಲ್ಲಿಸುವುದನ್ನು ಅಲ್ಲಿ ಕಲಿಯದಿದ್ದರೆ ನೆರೆಯವನ ಬಾಗಿಲಲ್ಲಿ ಆ ಮಾತು ಕೇಳಿ ಅವನು ಸುಮ್ಮನೆ ಕೂರುತ್ತಿದ್ದನೇ? ದೇವರ ಮನೆಯಲ್ಲೂ ಸನ್ನಡತೆಗೆ ದಿನ ಬಿಟ್ಟುಕೊಡುತ್ತಾರೆ, ತಮ್ಮಾ. ಅದರಲ್ಲಿ ನನಗೆ ಪೂರ್ಣ ನಂಬಿಕೆ.”

ಮುರಿಗೆಪ್ಪ ಹಗುರಾದ. ಕಣ್ಣುಮುಚ್ಚಿ ಕೈಮುಗಿದ.

“ಹಾಗಾದರೆ ಇಲ್ಲಿ ನಾನು ಮಾಡಿದ ಸೇವೆ ವ್ಯರ್ಥವಾಗಿಲ್ಲ,” ಎಂದ.

ಗುರುಗಳು ಅವನನ್ನು ಪ್ರೀತಿಯಿಂದ ನೋಡಿದರು.

“ವ್ಯರ್ಥವಾಗಿಲ್ಲ, ಮುರಿಗೆಪ್ಪ. ನೀನು ನೋಯಿಸಿ ಬಂದ ನಿನ್ನ ಅಣ್ಣನ ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಇದೆ?”

ಮುರಿಗೆಪ್ಪನ ಮುಗಿದ ಕೈಗಳು ಮೆಲ್ಲಗೆ ಕೆಳಗಿಳಿದವು.

ಈ ಕತೆಗೆ ಕಿವಿ ಕೊಟ್ಟವರೆಲ್ಲರಿಗೂ ಶಿವನು ಒಳ್ಳೆಯ ದಿನಗಳನ್ನು ಕೊಡಲಿ. ಕೊಟ್ಟ ದಿನಗಳನ್ನು ಯಾರ ಬಾಗಿಲಿಗೆ ಒಯ್ಯಬೇಕೆಂಬ ಬುದ್ಧಿಯನ್ನೂ ಕೊಡಲಿ. ಹೋದ ಬಾಗಿಲಲ್ಲಿ ನಿಮಗೊಂದು ಜಾಗ ಇರಲಿ, ನಿಮ್ಮ ಬಾಗಿಲಿಗೆ ಬಂದವರಿಗೂ ಒಂದು ಜಾಗ ಇರಲಿ. ಎಲ್ಲರ ಮನೆಯೂ ತಣ್ಣಗಿರಲಿ.